ಕಂಪ್ಯೂಟರ್ ಕ್ಯಾಬಿನೆಟ್‌ನ ಫ್ಯಾನ್ ಆರಿಸುವುದು, ಜೋಡಿಸುವುದು, ಸದ್ದಡಗಿಸುವುದು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

"ಹೊಸ ಫ್ಯಾನ್ ಹಾಕಿಸಿದೆ. ಬಿಸಿ ಹಾಗೇ ಇದೆ, ಸದ್ದು ಮಾತ್ರ ಜಾಸ್ತಿ ಆಯ್ತು." ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಮತ್ತೆ ಮತ್ತೆ ಹೇಳುವ ಮಾತಿದು. ವಿಚಾರಿಸುತ್ತಾ ಹೋದರೆ ಫ್ಯಾನ್‌ನಲ್ಲಿ ದೋಷ ಇರುವುದು ಕಡಿಮೆ. ಕೆಲಸದ ಕ್ರಮವೇ ತಿರುಗುಮುರುಗಾಗಿರುತ್ತದೆ. ಮೊದಲು ಅಂಗಡಿಗೆ ಹೋಗಿ ಬಣ್ಣದ ದೀಪದ ಫ್ಯಾನ್ ತರುತ್ತಾರೆ. ಮನೆಗೆ ಬಂದ ಮೇಲೆ ಮದರ್‌ಬೋರ್ಡ್‌ನಲ್ಲಿ (ಕಂಪ್ಯೂಟರ್ ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ) ಅದಕ್ಕೆ ಜಾಗ ಇದೆಯಾ ಅಂತ ನೋಡುತ್ತಾರೆ. ವೇಗ ಹೊಂದಿಸುವ ಯೋಚನೆ ಬರುವುದು ರಾತ್ರಿ ಆ ಸದ್ದಿಗೆ ನಿದ್ದೆ ಹತ್ತದಿದ್ದಾಗ.

ಈ ಕ್ರಮವನ್ನು ನೆಟ್ಟಗೆ ಮಾಡೋಣ. ಕೆಳಗಿನ ಒಂಬತ್ತು ಹಂತಗಳಲ್ಲಿ ದುಡ್ಡು ಬಿಚ್ಚುವುದು ಆರನೇ ಹಂತದಲ್ಲಿ. ಕೆಲವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಸ್ಟಾರ್ ಸ್ಕ್ರೂಡ್ರೈವರ್, ಸ್ಕೇಲ್, ಟಾರ್ಚ್, ನಾಲ್ಕೈದು ಕೇಬಲ್ ಟೈ, ಒಂದು ಒಣ ಪೇಂಟ್ ಬ್ರಷ್, ಊದಿನಕಡ್ಡಿ, ಪೆನ್ನು ಮತ್ತು ಕಾಗದ. ವಿಂಡೋಸ್ ಇದ್ದರೆ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಒಳಗಿನ ಬಿಸಿ, ಪ್ರತಿ ಫ್ಯಾನ್‌ನ ವೇಗ ಎಲ್ಲವನ್ನೂ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಅದೇ ಕೆಲಸವನ್ನು ಎಲ್‌ಎಂ-ಸೆನ್ಸರ್ಸ್ ಮಾಡುತ್ತದೆ. ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಒಂದಿದ್ದರೆ ಒಳ್ಳೆಯದು. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಂತ 1: ತೊಂದರೆ ಎಲ್ಲಿದೆ ಅಂತ ಮೊದಲು ಪತ್ತೆ ಮಾಡಿ

ಇದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಕ್ಯಾಬಿನೆಟ್ ಮುಚ್ಚಿಯೇ ಇರಲಿ. ನೀವು ದಿನಾ ಮಾಡುವ ಭಾರದ ಕೆಲಸವನ್ನೇ ಅರ್ಧ ಗಂಟೆ ಓಡಿಸಿ. ಗೇಮ್ ಆಡುವವರು ಗೇಮ್, ಮದುವೆ ವಿಡಿಯೊ ಎಡಿಟ್ ಮಾಡುವವರು ರೆಂಡರ್. ಪ್ರೊಸೆಸರ್ ಎಷ್ಟು ಡಿಗ್ರಿ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಡಿಗ್ರಿ, ಕೋಣೆ ಎಷ್ಟು ಡಿಗ್ರಿ ಅಂತ ಮೂರನ್ನೂ ಬರೆದುಕೊಳ್ಳಿ. ಈಗ ಪಕ್ಕದ ತಗಡು ತೆಗೆದಿಟ್ಟು ಅದೇ ಕೆಲಸವನ್ನು ಮತ್ತೆ ಅರ್ಧ ಗಂಟೆ ಓಡಿಸಿ.

ತಗಡು ತೆಗೆದಾಗ ಬಿಸಿ 5 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇಳಿಯಿತು ಅಂದರೆ ಕ್ಯಾಬಿನೆಟ್‌ನೊಳಗೆ ಗಾಳಿ ಓಡಾಡುತ್ತಿಲ್ಲ. ಫ್ಯಾನ್ ಹಾಕಿದರೆ ಉಪಯೋಗ ಉಂಟು. ಒಂದೆರಡು ಡಿಗ್ರಿ ಮಾತ್ರ ಇಳಿದರೆ ತೊಂದರೆ ಬೇರೆ ಕಡೆ ಇದೆ. ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಒಣಗಿರಬಹುದು, ಕೂಲರ್ ಸಡಿಲವಾಗಿರಬಹುದು, ಅದರ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿರಬಹುದು. ಅಂಥ ಕಡೆ ನಾಲ್ಕು ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ.

ಕೋಣೆಯ ಬಿಸಿಯನ್ನು ಬರೆದುಕೊಳ್ಳಿ ಅಂದದ್ದು ಯಾಕೆಂದರೆ, ಫ್ಯಾನ್ ಕೋಣೆಯ ಗಾಳಿಯನ್ನು ಒಳಗೆ ತರುತ್ತದೆ, ಅಷ್ಟೇ. ಗಾಳಿಯನ್ನು ತಂಪು ಮಾಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದ ಆರ್‌ಸಿಸಿ ಮನೆಯ ಮಹಡಿ ಕೋಣೆ 36 ಡಿಗ್ರಿ ಇರುತ್ತದೆ. ಜುಲೈಯಲ್ಲಿ ಅದೇ ಕೋಣೆ 23ಕ್ಕೆ ಇಳಿಯುತ್ತದೆ. ಕೋಣೆಯಲ್ಲಿ 13 ಡಿಗ್ರಿ ವ್ಯತ್ಯಾಸ ಬಂದರೆ ಒಳಗಿನ ಚಿಪ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಬರುತ್ತದೆ. ಹಾಗಾಗಿ "ನನ್ನ ಪ್ರೊಸೆಸರ್ 80 ಡಿಗ್ರಿ ಮುಟ್ಟುತ್ತಿದೆ" ಅನ್ನುವ ಮಾತು ಅರ್ಧ ಮಾತ್ರ. ಕೋಣೆ ಎಷ್ಟಿತ್ತು ಅನ್ನುವುದೂ ಸೇರಿದರೆ ಪೂರ್ತಿ.

ಸದ್ದಿನ ತೊಂದರೆ ಆದರೆ ಯಾವ ಫ್ಯಾನ್ ಸದ್ದು ಮಾಡುತ್ತಿದೆ ಅಂತ ಹುಡುಕಿ. ಕಂಪ್ಯೂಟರ್ ಆಫ್ ಮಾಡಿ, ಕ್ಯಾಬಿನೆಟ್ ಫ್ಯಾನ್‌ಗಳಲ್ಲಿ ಒಂದರ ವೈರ್ ಬಿಚ್ಚಿ, ಆನ್ ಮಾಡಿ, ಕೇಳಿ. ಹೀಗೇ ಒಂದೊಂದಾಗಿ. ಪ್ರೊಸೆಸರ್ ಮೇಲಿನ ಫ್ಯಾನ್ ಮಾತ್ರ ಬಿಚ್ಚಬೇಡಿ. ಸದ್ದು ಹಾಗೇ ಇದ್ದರೆ ಅದು ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡ್ ಅಥವಾ ಹಳೇ ಹಾರ್ಡ್ ಡಿಸ್ಕ್‌ನದು. ತಿರುಗುವ ರೆಕ್ಕೆಗೆ ಕಡ್ಡಿ ಸಿಕ್ಕಿಸಿ ನಿಲ್ಲಿಸಿ ನೋಡುವವರಿದ್ದಾರೆ. ರೆಕ್ಕೆಯ ಅಂಚು ಮುರಿದರೆ ಆ ಫ್ಯಾನ್ ಆಮೇಲೆ ಬದುಕಿರುವವರೆಗೂ ನಡುಗುತ್ತದೆ.

ಹಂತ 2: ಗಾಳಿಯ ದಾರಿ ತೆರವು ಮಾಡಿ

ನಮ್ಮ ಕಡೆ ಕಂಪ್ಯೂಟರ್ ಇಡುವ ಜಾಗವೇ ಎಷ್ಟೋ ಸಲ ತೊಂದರೆಗೆ ಮೂಲ. ಮೇಜಿನ ಕೆಳಗೆ ಮೂರು ಕಡೆ ಹಲಗೆ ಹೊಡೆದ ಗೂಡಿನೊಳಗೆ ಕ್ಯಾಬಿನೆಟ್ ತಳ್ಳಿರುತ್ತಾರೆ. ಹಿಂದಿನ ಫ್ಯಾನ್ ಬಿಸಿ ಗಾಳಿಯನ್ನು ಹೊರಗೆ ಹಾಕುತ್ತದೆ, ಅದೇ ಗಾಳಿ ಗೂಡಿನಲ್ಲೇ ಸುತ್ತಿಕೊಂಡು ಮುಂದಿನಿಂದ ಮತ್ತೆ ಒಳಗೆ ಬರುತ್ತದೆ. ಹಿಂದಿನ ಹಲಗೆ ಬಿಚ್ಚಿ. ಗೋಡೆಗೂ ಕ್ಯಾಬಿನೆಟ್‌ಗೂ ನಡುವೆ ಒಂದು ಗೇಣು ಜಾಗ ಬಿಡಿ. ನೆಲದ ಮೇಲೆ ನೇರ ಇಡಬೇಡಿ, ಅರ್ಧ ಅಡಿ ಎತ್ತರದ ಮಣೆ ಅಥವಾ ಸ್ಟ್ಯಾಂಡ್ ಮೇಲೆ ಇಡಿ.

ಆಮೇಲೆ ಮುಂಭಾಗದ ಜಾಲರಿ. ಅಡಿಕೆ ಸುಲಿಯುವ ಕಾಲ ಮುಗಿದ ಮೇಲೆ ಅದನ್ನು ಒಮ್ಮೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸಿಪ್ಪೆಯ ಸಣ್ಣ ಕಂದು ನಾರು ಒಂದಕ್ಕೊಂದು ಹೆಣೆದುಕೊಂಡು ತೆಳು ಕಂಬಳಿಯೇ ಆಗಿರುತ್ತದೆ. ಉಗುರಿನಲ್ಲಿ ಅಂಚು ಎತ್ತಿದರೆ ಇಡೀ ಹಾಸು ಒಂದೇ ತುಂಡಾಗಿ ಎದ್ದು ಬರುತ್ತದೆ. ಅದರ ಹಿಂದೆ ಎಂಥ ದುಬಾರಿ ಫ್ಯಾನ್ ಇದ್ದರೂ ಏನು ಮಾಡೀತು? ಬಚ್ಚಲ ಒಲೆಯ ಹೊಗೆ ಸುಳಿಯುವ ಮನೆಯಾದರೆ ಧೂಳು ಎಣ್ಣೆ ಬೆರೆತ ಹಾಗೆ ಅಂಟಾಗಿರುತ್ತದೆ, ಬ್ರಷ್‌ಗೆ ಬರುವುದಿಲ್ಲ. ಜಾಲರಿಯನ್ನು ಮಾತ್ರ ಬೇರ್ಪಡಿಸಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಫ್ಯಾನ್ ರೆಕ್ಕೆಗಳನ್ನು ಬ್ರಷ್‌ನಿಂದ ಅಥವಾ ಬ್ಲೋವರ್‌ನಿಂದ ಸ್ವಚ್ಛ ಮಾಡುವಾಗ ಒಂದು ಬೆರಳಿನಿಂದ ರೆಕ್ಕೆ ಅಲುಗದಂತೆ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಅದು ತಾಳುವ ವೇಗ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಈಗ ಹಂತ 1ರ ಪರೀಕ್ಷೆ ಮತ್ತೆ ಮಾಡಿ. ಅಂಕಿ ಸರಿಹೋಗಿದ್ದರೆ ನೇರ 8ನೇ ಹಂತಕ್ಕೆ ಹೋಗಬಹುದು.

ಹಂತ 3: ಅಳತೆ ತೆಗೆಯಿರಿ

ಫ್ಯಾನ್ ಅಳತೆ ಅಂದರೆ ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ. ಆದರೆ ಕ್ಯಾಬಿನೆಟ್‌ನಲ್ಲಿ ನಿಮಗೆ ಕಾಣುವುದು ಸ್ಕ್ರೂ ತೂತು. ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ ಸ್ಕೇಲ್ ಇಡಿ. 105 ಮಿ.ಮೀ. ಇದ್ದರೆ 120ರ ಫ್ಯಾನ್. 124.5 ಇದ್ದರೆ 140ರದ್ದು. 82.5 ಇದ್ದರೆ 92ರದ್ದು, 71.5 ಇದ್ದರೆ 80ರದ್ದು.

ದಪ್ಪ ಸಾಮಾನ್ಯವಾಗಿ 25 ಮಿ.ಮೀ. ಮೇಲ್ಭಾಗಕ್ಕೆ ಹಾಕುವವರು ಇದನ್ನು ಮರೆಯುತ್ತಾರೆ. ಮದರ್‌ಬೋರ್ಡ್‌ನ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಅಥವಾ ರ‍್ಯಾಮ್ ಅಡ್ಡ ಬರುತ್ತದೆಯಾ ನೋಡಿ. 15 ಮಿ.ಮೀ. ದಪ್ಪದ ತೆಳು ಫ್ಯಾನ್‌ಗಳೂ ಸಿಗುತ್ತವೆ. ಆದರೆ ಅಷ್ಟೇ ಗಾಳಿಗೆ ಅವು ಹೆಚ್ಚು ವೇಗವಾಗಿ ತಿರುಗಬೇಕು, ಸದ್ದೂ ಜಾಸ್ತಿ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ತೆಗೆದುಕೊಳ್ಳಿ. ಜಾಗ ಇದ್ದರೆ ದೊಡ್ಡ ಫ್ಯಾನೇ ಸರಿ, ಅದು ನಿಧಾನಕ್ಕೆ ತಿರುಗಿಯೇ ಬೇಕಾದಷ್ಟು ಗಾಳಿ ಎಳೆಯುತ್ತದೆ.

ಹಂತ 4: ಪಿನ್ ಎಣಿಸಿ

ಓದುಗರು ಹೆಚ್ಚು ಎಡವುವುದು ಇಲ್ಲೇ. ನಿಧಾನಕ್ಕೆ ಓದಿ.

ಟಾರ್ಚ್ ಬಿಟ್ಟು ಮದರ್‌ಬೋರ್ಡ್ ಅಂಚುಗಳನ್ನು ನೋಡಿ. ಫ್ಯಾನ್ ಸಿಕ್ಕಿಸುವ ಪುಟ್ಟ ಸಾಕೆಟ್‌ಗಳ ಪಕ್ಕ ಹೆಸರು ಅಚ್ಚಾಗಿರುತ್ತದೆ. 'ಸಿಪಿಯು ಫ್ಯಾನ್' ಅಂತ ಇರುವುದು ಪ್ರೊಸೆಸರ್ ಕೂಲರ್‌ಗೆ. 'ಸಿಸ್ ಫ್ಯಾನ್' ಅಥವಾ 'ಚಾ ಫ್ಯಾನ್' ಅಂತ ಇರುವುದು ಕ್ಯಾಬಿನೆಟ್‌ಗೆ. ಅಂಥವು ಎಷ್ಟಿವೆ, ಪ್ರತಿಯೊಂದರಲ್ಲೂ ಪಿನ್ ಮೂರೋ ನಾಲ್ಕೋ ಅಂತ ಬರೆದುಕೊಳ್ಳಿ.

ಮೂರು ಪಿನ್ ಫ್ಯಾನ್‌ನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ವೇಗ ತಿಳಿಸುವ ತಂತಿ. ಇದರ ವೇಗ ಇಳಿಸಬೇಕಾದರೆ ಮದರ್‌ಬೋರ್ಡ್ ವೋಲ್ಟೇಜ್ ಇಳಿಸಬೇಕು. ಇದಕ್ಕೆ ಡಿಸಿ ಮೋಡ್ ಅನ್ನುತ್ತಾರೆ. ವೋಲ್ಟೇಜ್ ತೀರಾ ಇಳಿದರೆ ಫ್ಯಾನ್ ನಿಂತುಹೋಗುತ್ತದೆ. ಸಾಮಾನ್ಯವಾಗಿ 40–50 ಶೇಕಡಾಕ್ಕಿಂತ ಕೆಳಗೆ ನೆಚ್ಚಿಕೊಳ್ಳುವ ಹಾಗಿಲ್ಲ.

ನಾಲ್ಕು ಪಿನ್ ಫ್ಯಾನ್‌ಗೆ 12 ವೋಲ್ಟ್ ಸದಾ ಪೂರ್ತಿ ಸಿಗುತ್ತಿರುತ್ತದೆ. ನಾಲ್ಕನೇ ತಂತಿಯಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಆನ್ ಆಫ್ ಆಗುವ ಸಂಕೇತ ಹೋಗುತ್ತದೆ. ಎಷ್ಟು ಹೊತ್ತು ಆನ್ ಅನ್ನುವುದರ ಮೇಲೆ ವೇಗ ನಿಂತಿದೆ. ಇದೇ ಪಿಡಬ್ಲ್ಯುಎಂ. ಬಹಳಷ್ಟು ಫ್ಯಾನ್‌ಗಳು ಇದರಲ್ಲಿ 20 ಶೇಕಡಾವರೆಗೂ ಆರಾಮಾಗಿ ಇಳಿಯುತ್ತವೆ. ಹೊಸದಾಗಿ ಕೊಳ್ಳುವವರು ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ.

ಮೂರು ಪಿನ್ ಪ್ಲಗ್ ನಾಲ್ಕು ಪಿನ್ ಸಾಕೆಟ್‌ಗೆ ಕೂರುತ್ತದೆ. ಸಾಕೆಟ್ ಪಕ್ಕದಲ್ಲಿರುವ ಪ್ಲಾಸ್ಟಿಕ್ ನಾಲಿಗೆಗೆ ಪ್ಲಗ್‌ನ ತೋಡು ಹೊಂದಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಒಂದು ಪಿನ್ ಸುಮ್ನೆ ಖಾಲಿ ಉಳಿಯುತ್ತದೆ. ಆದರೆ ಆ ಸಾಕೆಟ್ ಪಿಡಬ್ಲ್ಯುಎಂ ಮೋಡ್‌ನಲ್ಲಿದ್ದರೆ ಮೂರು ಪಿನ್ ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ಓಡುತ್ತದೆ. "ಹೊಸ ಫ್ಯಾನ್ ಸದ್ದು ತಡೆಯಲಾಗಲ್ಲ" ಅನ್ನುವ ಎಷ್ಟೋ ದೂರಿಗೆ ಇದೊಂದೇ ಕಾರಣ. ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ, ಹೋಗುವ ಬಗೆ 8ನೇ ಹಂತದಲ್ಲಿದೆ) ಹೋಗಿ ಆ ಸಾಕೆಟ್ ಅನ್ನು ಡಿಸಿ ಮೋಡ್‌ಗೆ ಬದಲಿಸಿದರೆ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲ.

ದೊಡ್ಡ ಬಿಳಿ ಮೋಲೆಕ್ಸ್ ಪ್ಲಗ್ ಇರುವ ಫ್ಯಾನ್ ನೇರ ಪವರ್ ಸಪ್ಲೈಗೆ ಹೋಗುತ್ತದೆ. ವೇಗ ಹಿಡಿತಕ್ಕೆ ಸಿಗುವುದಿಲ್ಲ. ಕಡಿಮೆ ಬೆಲೆಯ ಕ್ಯಾಬಿನೆಟ್ ಜೊತೆಗೇ ಬರುವ ಫ್ಯಾನ್‌ಗಳಲ್ಲಿ ಇದು ಸಾಮಾನ್ಯ. ಕೆಲವು ಕ್ಯಾಬಿನೆಟ್‌ಗಳಲ್ಲಿ 6 ಪಿನ್‌ನ ಫ್ಯಾನ್, ಅದಕ್ಕೊಂದು ಸ್ವಂತ ಹಬ್ (ಹಲವು ಫ್ಯಾನ್ ಒಟ್ಟಿಗೆ ಸಿಕ್ಕಿಸುವ ಪೆಟ್ಟಿಗೆ), ಒಂದು ರಿಮೋಟ್ ಬರುತ್ತದೆ. ರಿಮೋಟ್‌ನಿಂದ ದೀಪದ ಬಣ್ಣ ಬದಲಾಗುತ್ತದೆ. ಬಿಸಿಗೆ ತಕ್ಕಂತೆ ವೇಗ ಬದಲಾಗಬೇಕು ಅಂದರೆ ಬಹಳ ಸಲ ಆಗದ ಮಾತು. ಡೆಲ್, ಎಚ್‌ಪಿ ಕಂಪನಿಗಳ ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಕೊಂಡವರು ಇನ್ನೂ ಜಾಗ್ರತೆ. ಅವುಗಳ ಕೆಲವು ಮಾದರಿಗಳಲ್ಲಿ 5 ಅಥವಾ 6 ಪಿನ್‌ನ ಬೇರೆಯೇ ಪ್ಲಗ್ ಇರುತ್ತದೆ. ಮಾರುಕಟ್ಟೆಯ ಫ್ಯಾನ್ ಅದಕ್ಕೆ ಕೂರುವುದಿಲ್ಲ, ಪರಿವರ್ತಕ ವೈರ್ ಬೇಕು.

ಸಾಕೆಟ್ ಒಂದೇ ಇದೆ, ಫ್ಯಾನ್ ಮೂರು ಹಾಕಬೇಕು ಅಂದರೆ ಸ್ಪ್ಲಿಟರ್ ವೈರ್ ಸಿಗುತ್ತದೆ. ಸಾಮಾನ್ಯವಾಗಿ ಒಂದು ಸಾಕೆಟ್ ತಾಳುವುದು 1 ಆಂಪಿಯರ್. ಫ್ಯಾನ್ ಬೆನ್ನ ಮೇಲಿನ ಸ್ಟಿಕ್ಕರ್‌ನಲ್ಲಿ 0.15, 0.2 ಅಂತ ಆಂಪಿಯರ್ ಬರೆದಿರುತ್ತದೆ. ಕೂಡಿಸಿ. ಶುರುವಾಗುವ ಕ್ಷಣದಲ್ಲಿ ಸ್ವಲ್ಪ ಜಾಸ್ತಿ ಎಳೆಯುವುದರಿಂದ ಮೊತ್ತ 0.7ರ ಒಳಗಿದ್ದರೆ ನೆಮ್ಮದಿ. ಅದಕ್ಕಿಂತ ಹೆಚ್ಚಾದರೆ ಪವರ್ ಸಪ್ಲೈನ ಸಾಟಾ ವೈರ್‌ನಿಂದ (ಡಿಸ್ಕ್‌ಗೆ ಕರೆಂಟ್ ಕೊಡುವಂಥದ್ದು) ಕರೆಂಟ್ ಪಡೆಯುವ ಹಬ್ ಕೊಳ್ಳಿ. ಪಿಡಬ್ಲ್ಯುಎಂ ಹಬ್‌ಗೆ ಮೂರು ಪಿನ್ ಫ್ಯಾನ್ ಹಾಕಿದರೆ ಅದೂ ಪೂರ್ತಿ ವೇಗದಲ್ಲೇ ಓಡುತ್ತದೆ ಅನ್ನುವುದು ನೆನಪಿರಲಿ.

ದೀಪದ ವೈರ್ ಬೇರೆ. ಅದರಲ್ಲಿ ಎರಡು ಬಗೆ: 5 ವೋಲ್ಟಿನ ಮೂರು ಪಿನ್, 12 ವೋಲ್ಟಿನ ನಾಲ್ಕು ಪಿನ್. 5 ವೋಲ್ಟಿನದನ್ನು ಒತ್ತಿ 12 ವೋಲ್ಟಿನ ಸಾಕೆಟ್‌ಗೆ ಸಿಕ್ಕಿಸಿದರೆ ದೀಪ ಅಲ್ಲೇ ಸುಟ್ಟುಹೋಗುತ್ತದೆ.

ಹಂತ 5: ಎಷ್ಟು ಫ್ಯಾನ್, ಎಲ್ಲಿ?

ಅಂದಾಜು ಲೆಕ್ಕ ಒಂದಿದೆ. ಕಂಪ್ಯೂಟರ್ ಭಾರದ ಕೆಲಸದಲ್ಲಿ ಎಷ್ಟು ವಾಟ್ ತಿನ್ನುತ್ತದೋ ಅದನ್ನು 1.76ರಿಂದ ಗುಣಿಸಿ. ಒಳಗೆ ಬರುವ ಗಾಳಿಗಿಂತ ಹೊರಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಬಿಸಿಯಾದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಬರುವ ಉತ್ತರ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ.

300 ವಾಟಿನ ಗೇಮಿಂಗ್ ಕಂಪ್ಯೂಟರ್, 10 ಡಿಗ್ರಿ ಏರಿಕೆ ಅಂದುಕೊಂಡರೆ 53 ಸಿಎಫ್‌ಎಂ ಬೇಕು. ಡಬ್ಬಿಯ ಮೇಲೆ ಬರೆದ ಗಾಳಿ ಎದುರಿಗೆ ಏನೂ ಅಡ್ಡ ಇಲ್ಲದಾಗ ಬರುವಂಥದ್ದು. ಜಾಲರಿ, ವೈರ್, ಕಾರ್ಡ್ ಎಲ್ಲ ದಾಟುವಾಗ ಅರ್ಧ ಉಳಿಯುತ್ತದೆ ಅಂತ ಹಿಡಿಯಿರಿ. ಅಲ್ಲಿಗೆ ಡಬ್ಬಿಯ ಲೆಕ್ಕದಲ್ಲಿ 105ರ ಆಸುಪಾಸು. 120ರ ಎರಡು ಒಳ್ಳೆಯ ಫ್ಯಾನ್ ಮುಂದೆ, ಒಂದು ಹಿಂದೆ. ಸಾಕು. ಟ್ಯಾಲಿ, ಬ್ರೌಸರ್, ಆನ್‌ಲೈನ್ ಕ್ಲಾಸ್ ಮಾತ್ರ ಮಾಡುವ 100 ವಾಟಿನ ಕಂಪ್ಯೂಟರ್‌ಗೆ ಹಿಂದೊಂದು ಮುಂದೊಂದು ಇದ್ದರೆ ಧಾರಾಳ. ಏಳೆಂಟು ಫ್ಯಾನ್ ಹಾಕುವುದು ನೋಟಕ್ಕೆ.

ಒಳಗೆ ಎಳೆಯುವ ಗಾಳಿ ಹೊರಗೆ ಹಾಕುವ ಗಾಳಿಗಿಂತ ಸ್ವಲ್ಪ ಜಾಸ್ತಿ ಇರಲಿ. ಆಗ ಗಾಳಿ ಜಾಲರಿಯ ಮೂಲಕವೇ ಬರುತ್ತದೆ, ಸಂದಿಗೊಂದಿಗಳಿಂದ ಹೊರಗೆ ಹೋಗುತ್ತದೆ. ಉಲ್ಟಾ ಆದರೆ ಎಲ್ಲ ಸಂದಿಯಿಂದಲೂ ಧೂಳು ಒಳಗೆ ಬರುತ್ತದೆ. ಕೆಮ್ಮಣ್ಣಿನ ರಸ್ತೆ ಪಕ್ಕದ ಮನೆಗಳಲ್ಲಿ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೇಲ್ಭಾಗದ ಫ್ಯಾನ್ ಕೊನೆಗೆ ಯೋಚಿಸಿ. ಹಾಕಿದರೂ ಹಿಂಬದಿಯ ಮೂಲೆಗೆ, ಹೊರಕ್ಕೆ ಊದುವಂತೆ ಹಾಕಿ. ಮುಂದಿನ ಮೂಲೆಗೆ ಹಾಕಿದರೆ ಈಗಷ್ಟೇ ಒಳಗೆ ಬಂದ ತಂಪು ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ.

ಹಂತ 6: ಡಬ್ಬಿಯ ಮೇಲಿನ ಅಂಕಿ ಓದಿ ಕೊಳ್ಳಿ

ಈಗ ಶಿವಮೊಗ್ಗದ ದುರ್ಗಿಗುಡಿಗೋ ನೆಹರೂ ರಸ್ತೆಗೋ ಹೋಗಬಹುದು, ಇಲ್ಲ ಆನ್‌ಲೈನ್ ತರಿಸಬಹುದು. ಒಂದು ಫ್ಯಾನ್‌ನ ಅಂಕಿಗಳನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ನಾಕ್ಚುವಾದ ಎನ್‌ಎಫ್-ಎ12x25 ಪಿಡಬ್ಲ್ಯುಎಂ: ವೇಗ 2000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಗಾಳಿ 60.1 ಸಿಎಫ್‌ಎಂ, ಒತ್ತಡ 2.34 ಮಿ.ಮೀ. ನೀರು, ಸದ್ದು 22.6 ಡೆಸಿಬೆಲ್. ದುಬಾರಿ ಫ್ಯಾನ್ ಇದು, ಕೊಳ್ಳಲೇಬೇಕು ಅಂತ ಹೇಳುತ್ತಿಲ್ಲ. ಬೇರೆಯದನ್ನು ಅಳೆಯಲು ಒಂದು ಮಾನದಂಡ ಆಗುತ್ತದೆ.

ಕೆಲವು ಕಂಪನಿಗಳು ಗಾಳಿಯನ್ನು ಗಂಟೆಗೆ ಇಷ್ಟು ಘನ ಮೀಟರ್ ಅಂತ ಬರೆಯುತ್ತವೆ. ಅದನ್ನು 1.7ರಿಂದ ಭಾಗಿಸಿದರೆ ಸಿಎಫ್‌ಎಂ. 102 ಅನ್ನುವುದು 60ಕ್ಕೆ ಸಮ, ದೊಡ್ಡ ಅಂಕಿ ನೋಡಿ ಮರುಳಾಗಬೇಡಿ.

ಒತ್ತಡ ಅಂದರೆ ಅಡ್ಡ ಇರುವುದನ್ನು ದಾಟಿ ಗಾಳಿ ತಳ್ಳುವ ಕಸುವು. ಡಬ್ಬಿ ಹೇಳದ ವಿಷಯ ಒಂದಿದೆ. ಗಾಳಿಯ ಅಂಕಿ ಒತ್ತಡ ಸೊನ್ನೆ ಇರುವಾಗಿನದು, ಒತ್ತಡದ ಅಂಕಿ ಗಾಳಿ ಸೊನ್ನೆ ಇರುವಾಗಿನದು. ಎರಡೂ ಒಟ್ಟಿಗೆ ಎಂದೂ ಸಿಗುವುದಿಲ್ಲ. ಮುಂದೆ ಒತ್ತು ಜಾಲರಿ ಇದ್ದರೆ ಒತ್ತಡ ಜಾಸ್ತಿ ಇರುವುದನ್ನು ಆರಿಸಿ, 1.5 ಮಿ.ಮೀ.ಗಿಂತ ಕೆಳಗಿನದು ಬೇಡ. ಮಲೆನಾಡಿನಲ್ಲಿ ಜಾಲರಿ ಇಲ್ಲದೆ ಕ್ಯಾಬಿನೆಟ್ ಓಡಿಸುವ ಹಾಗೇ ಇಲ್ಲ, ಆದ್ದರಿಂದ ಮುಂದಿನ ಫ್ಯಾನ್‌ಗೆ ನಾನು ನೋಡುವ ಮೊದಲ ಅಂಕಿ ಇದೇ. ಹಿಂದಿನದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಡೆಸಿಬೆಲ್ ಅಂಕಿಯನ್ನು ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಬೇಡಿ. ಎಷ್ಟು ದೂರದಿಂದ, ಯಾವ ಕೋಣೆಯಲ್ಲಿ ಅಳೆದರು ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ. ಅದಕ್ಕಿಂತ ವೇಗ ನೋಡಿ. ಫ್ಯಾನ್‌ನ ವೇಗವನ್ನು ಎರಡು ಪಟ್ಟು ಮಾಡಿದರೆ ಗಾಳಿ ಎರಡು ಪಟ್ಟಾಗುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೆ ಕಿವಿಗೆ ಎರಡರಷ್ಟು ಜೋರಾಗಿ ಕೇಳುತ್ತದೆ. ಅದೇ 1200 ಆರ್‌ಪಿಎಂನಿಂದ 900ಕ್ಕೆ ಇಳಿಸಿದರೆ ಗಾಳಿ ಕಾಲುಭಾಗ ಕಡಿಮೆ, ಸದ್ದು ಸುಮಾರು 6 ಡೆಸಿಬೆಲ್ ಕಡಿಮೆ. ಅಂಥದ್ದೇ ಇನ್ನೊಂದು ಫ್ಯಾನ್ ಪಕ್ಕಕ್ಕೆ ಸೇರಿಸಿದರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಅಂದರೆ 1200ರ ಒಂದು ಫ್ಯಾನ್‌ಗಿಂತ 900ರ ಎರಡು ಫ್ಯಾನ್ ಹೆಚ್ಚು ಗಾಳಿ ತರುತ್ತವೆ, ಸದ್ದೂ ಕಡಿಮೆ ಮಾಡುತ್ತವೆ. ಇಡೀ ಬರಹದಲ್ಲಿ ಒಂದೇ ಲೆಕ್ಕ ನೆನಪಿಡುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ಬೇರಿಂಗ್ ವಿಷಯ. ಸ್ಲೀವ್ ಬೇರಿಂಗ್ ಅಗ್ಗ, ಹೊಸದಿದ್ದಾಗ ನಿಶ್ಶಬ್ದ. ಮೇಲ್ಭಾಗದಲ್ಲಿ ಮಲಗಿಸಿ ಹಾಕಿದರೆ ಬೇಗ ಸವೆಯುತ್ತದೆ. ಬಾಲ್ ಬೇರಿಂಗ್ ಬಿಸಿ ತಾಳುತ್ತದೆ, ಬಾಳಿಕೆ ಬರುತ್ತದೆ, ಸದ್ದು ಸ್ವಲ್ಪ ಇದ್ದೇ ಇರುತ್ತದೆ. ಫ್ಲೂಯಿಡ್ ಡೈನಮಿಕ್ ಬೇರಿಂಗ್ ನಿಶ್ಶಬ್ದಕ್ಕೂ ಬಾಳಿಕೆಗೂ ಒಳ್ಳೆಯದು. ಸದ್ದು ಬೇಡ ಅನ್ನುವವರು ದೀಪಕ್ಕೆ ಕೊಡುವ ದುಡ್ಡನ್ನು ಇದಕ್ಕೆ ಕೊಡಿ. ದೀಪದ ಫ್ಯಾನ್‌ಗೆ ಇನ್ನೊಂದು ತಕರಾರೂ ಇದೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳಗಳು ಏಳುತ್ತವಲ್ಲ, ಮನೆಯಲ್ಲಿ ಕರೆಂಟ್ ದೀಪ ಆರಿಸಿ ಕೂತರೂ ಅವು ನೇರ ಕ್ಯಾಬಿನೆಟ್‌ನ ಬಣ್ಣದ ದೀಪಕ್ಕೆ ಮುತ್ತುತ್ತವೆ.

ಹಂತ 7: ಜೋಡಿಸಿ, ದಿಕ್ಕು ನೋಡಿ

ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ವೈರ್ ಗೋಡೆಯಿಂದ ಕಿತ್ತು, ಕ್ಯಾಬಿನೆಟ್‌ನ ಬಣ್ಣ ಇಲ್ಲದ ತಗಡನ್ನು ಒಮ್ಮೆ ಮುಟ್ಟಿ ಕೆಲಸ ಶುರು ಮಾಡಿ.

ಗಾಳಿ ಹೊರಗೆ ಬರುವುದು ಸ್ಟಿಕ್ಕರ್ ಇರುವ, ಮೋಟಾರ್ ಹಿಡಿದ ಅಡ್ಡ ಕಂಬಿಗಳಿರುವ ಕಡೆಯಿಂದ. ಕೆಲವು ಫ್ಯಾನ್‌ಗಳ ಚೌಕಟ್ಟಿನ ಮೇಲೆ ಬಾಣದ ಗುರುತೂ ಇರುತ್ತದೆ. ಮುಂದಿನ ಫ್ಯಾನ್‌ನ ಕಂಬಿಗಳು ಕ್ಯಾಬಿನೆಟ್ ಒಳಕ್ಕೆ, ಹಿಂದಿನದರ ಕಂಬಿಗಳು ಹೊರಕ್ಕೆ ಮುಖ ಮಾಡಿರಬೇಕು. ರಿವರ್ಸ್ ಫ್ಯಾನ್ ಅಂತಲೇ ಮಾರುವವುಗಳಲ್ಲಿ ಮಾತ್ರ ಇದು ಉಲ್ಟಾ.

ನಾಲ್ಕು ಸ್ಕ್ರೂಗಳನ್ನೂ ಮೊದಲು ಅರ್ಧ ತಿರುಗಿಸಿ, ಆಮೇಲೆ ಎದುರು ಬದುರು ಮೂಲೆಗಳನ್ನು ಬಿಗಿ ಮಾಡಿ. ಪ್ಲಾಸ್ಟಿಕ್ ತೂತಿಗೆ ಸ್ಕ್ರೂ ಕೊರೆದುಕೊಂಡು ಹೋಗಬೇಕು, ಹಾಗಾಗಿ ಮೊದಲ ಸಲ ಬಿಗಿ ಅನ್ನಿಸುತ್ತದೆ. ಕೊನೆಯಲ್ಲಿ ಜೋರು ಮಾಡಬೇಡಿ, ಚೌಕಟ್ಟು ತಿರುಚಿಕೊಂಡರೆ ರೆಕ್ಕೆ ಅಂಚಿಗೆ ತಾಗುತ್ತದೆ. ತಗಡು ತೆಳುವಾಗಿದ್ದರೆ ಸ್ಕ್ರೂ ಬದಲು ರಬ್ಬರ್ ಪಿನ್ ಹಾಕಿ. ವೈರ್‌ಗಳನ್ನು ಟೈ ಹಾಕಿ ರೆಕ್ಕೆಯಿಂದ ದೂರ ಕಟ್ಟಿ.

ಈಗ ಊದಿನಕಡ್ಡಿ. ಕಂಪ್ಯೂಟರ್ ಆನ್ ಮಾಡಿ, ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ, ಮುಂದಿನ ಜಾಲರಿಯಿಂದ ನಾಲ್ಕು ಬೆರಳು ದೂರ ಹೊಗೆ ಹಿಡಿಯಿರಿ. ಎಳೆ ನೆಟ್ಟಗೆ ಒಳಕ್ಕೆ ಬಾಗಬೇಕು. ಹಿಂಬದಿಯಲ್ಲಿ ಹಿಡಿದರೆ ಹೊರಕ್ಕೆ ಚದುರಬೇಕು. ಮುಂದೆ ಹಿಡಿದ ಹೊಗೆ ಒಳಕ್ಕೆ ಹೋಗದೆ ಅಲ್ಲೇ ಸುರುಳಿ ಸುತ್ತುತ್ತಿದೆ ಅಂದರೆ ಜಾಲರಿ ಕಟ್ಟಿದೆ, ಇಲ್ಲವೇ ಫ್ಯಾನ್‌ಗೂ ತಗಡಿಗೂ ನಡುವಿನ ಸಂದಿಯಿಂದ ಗಾಳಿ ವಾಪಸ್ ಬರುತ್ತಿದೆ. ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ. ಕಡ್ಡಿ ಬೇಡ ಅನ್ನಿಸಿದರೆ ಟಿಶ್ಯೂ ಪೇಪರ್‌ನ ತೆಳು ಪಟ್ಟಿಯೂ ಆಗುತ್ತದೆ, ಹೊಗೆಯಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಹಂತ 8: ವೇಗದ ಕರ್ವ್ ಹಾಕಿ

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಆಸುಸ್ ಬೋರ್ಡ್‌ನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಎಸ್‌ರಾಕ್‌ನಲ್ಲಿ ಫ್ಯಾನ್-ಟಾಸ್ಟಿಕ್ ಟ್ಯೂನಿಂಗ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಅನ್ನುವ ಪುಟ ಹುಡುಕಿ. ಒಂದು ಕಡೆ ಬಿಸಿ, ಇನ್ನೊಂದು ಕಡೆ ವೇಗ ಇರುವ ಗೆರೆ ಕಾಣುತ್ತದೆ, ಅದೇ ಕರ್ವ್.

ಮೊದಲು ಮೋಡ್. ಮೂರು ಪಿನ್‌ಗೆ ಡಿಸಿ, ನಾಲ್ಕು ಪಿನ್‌ಗೆ ಪಿಡಬ್ಲ್ಯುಎಂ. ಆಟೋ ಅಂತ ಬಿಟ್ಟರೆ ಕೆಲವು ಬೋರ್ಡ್‌ಗಳು ತಪ್ಪು ಗುರುತಿಸುತ್ತವೆ, ಕೈಯಾರೆ ಹಾಕಿ.

ಎರಡನೆಯದು ಕನಿಷ್ಠ ವೇಗ. ಫ್ಯಾನ್ ನಿಲ್ಲುವವರೆಗೆ ಇಳಿಸುತ್ತಾ ಹೋಗಿ. ನಿಂತ ಮೇಲೆ ಮತ್ತೆ ಏರಿಸುತ್ತಾ ಬನ್ನಿ. ಎಷ್ಟು ಶೇಕಡಾದಲ್ಲಿ ತಾನಾಗಿ ತಿರುಗಲು ಶುರುಮಾಡಿತೋ ಅದಕ್ಕೆ 10 ಸೇರಿಸಿ. ಅದೇ ನಿಮ್ಮ ಕನಿಷ್ಠ. ನಿಲ್ಲುವ ಅಂಕಿಗಿಂತ ಶುರುವಾಗುವ ಅಂಕಿ ಸಾಮಾನ್ಯವಾಗಿ ಮೇಲಿರುತ್ತದೆ. ಇದನ್ನು ನೋಡದೆ ತೀರಾ ಕೆಳಗೆ ಇಟ್ಟವರ ಫ್ಯಾನ್ ಒಂದೊಂದು ದಿನ ಬೆಳಿಗ್ಗೆ ತಿರುಗುವುದೇ ಇಲ್ಲ.

ಮೂರನೆಯದು ಯಾವ ಬಿಸಿಯನ್ನು ನೋಡಿ ಫ್ಯಾನ್ ಓಡಬೇಕು ಅನ್ನುವುದು. ಬಹಳ ಬೋರ್ಡ್‌ಗಳಲ್ಲಿ ಮೊದಲಿನಿಂದಲೇ ಪ್ರೊಸೆಸರ್ ಅಂತ ಇರುತ್ತದೆ. ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೂ ಪ್ರೊಸೆಸರ್ ಒಂದು ಕ್ಷಣ 15 ಡಿಗ್ರಿ ಜಿಗಿದು ಇಳಿಯುತ್ತದೆ. ಫ್ಯಾನ್ ಅದರ ಹಿಂದೆ ಓಡಿ ಗುಂಯ್ ಅಂದು ಸುಮ್ಮನಾಗುತ್ತದೆ, ಮತ್ತೆ ಗುಂಯ್ ಅನ್ನುತ್ತದೆ. ಒಂದೇ ಸಮನೆ ಬರುವ ಸದ್ದಿಗಿಂತ ಈ ಏರಿಳಿತ ತಲೆ ತಿನ್ನುತ್ತದೆ. ಕ್ಯಾಬಿನೆಟ್ ಫ್ಯಾನ್‌ಗೆ ಮದರ್‌ಬೋರ್ಡ್ ಅಥವಾ ಸಿಸ್ಟಂ ಬಿಸಿಯನ್ನು ಆಧಾರ ಮಾಡಿ. ಅದು ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಆದರೆ ಅದರ ಅಂಕಿ ಪ್ರೊಸೆಸರ್‌ಗಿಂತ ಕೆಳಗಿರುತ್ತದೆ, ಕರ್ವ್‌ನ ಬಿಂದುಗಳನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಗೇಮ್ ಆಡುವವರಿಗೆ ಗ್ರಾಫಿಕ್ಸ್ ಕಾರ್ಡ್‌ನ ಬಿಸಿ ಮುಖ್ಯ. ಬಯೋಸ್‌ಗೆ ಅದು ಸಾಮಾನ್ಯವಾಗಿ ಕಾಣುವುದಿಲ್ಲ, ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಮಾಡಬಹುದು. ಪ್ರೊಸೆಸರ್ ಬಿಟ್ಟು ಬೇರೆ ಆಯ್ಕೆ ಇಲ್ಲದಿದ್ದರೆ ಏರುವ ಮುನ್ನ ಕೆಲವು ಸೆಕೆಂಡ್ ಕಾಯುವ 'ಸ್ಟೆಪ್ ಅಪ್' ಸಮಯವನ್ನು ಹೆಚ್ಚಿಸಿ.

ನಾಲ್ಕನೆಯದು ಕರ್ವ್. ಪ್ರೊಸೆಸರ್ ಬಿಸಿಯ ಮೇಲೆ ಹಾಕುವುದಾದರೆ ಇಲ್ಲಿಂದ ಶುರು ಮಾಡಿ: 50 ಡಿಗ್ರಿವರೆಗೆ ಒಂದೇ ಸಮ 35 ಶೇಕಡಾ (ಮೂರು ಪಿನ್ ಫ್ಯಾನ್ ಆದರೆ 50), 65ಕ್ಕೆ 55, 75ಕ್ಕೆ 75, 85ಕ್ಕೆ ಪೂರ್ತಿ. ಸಮತಟ್ಟು ಭಾಗವನ್ನು 50ರವರೆಗೆ ಎಳೆದದ್ದಕ್ಕೆ ಕಾರಣ ನಮ್ಮ ಎರಡು ಕಾಲಗಳು. ಜುಲೈಯಲ್ಲಿ ಸುಮ್ಮನೆ ಕೂತ ಪ್ರೊಸೆಸರ್ 35 ಡಿಗ್ರಿ ಇದ್ದರೆ ಏಪ್ರಿಲ್‌ನಲ್ಲಿ 48 ಇರುತ್ತದೆ. ಮಳೆಗಾಲದ ತಂಪಿನಲ್ಲಿ ಕೂತು 40ಕ್ಕೇ ಏರುವಂತೆ ಕರ್ವ್ ಹಾಕಿದವರು ಬೇಸಿಗೆ ಬಂದಾಗ "ಫ್ಯಾನ್ ಹಾಳಾಯ್ತು" ಅನ್ನುತ್ತಾರೆ. ಏನೂ ಹಾಳಾಗಿರುವುದಿಲ್ಲ.

ಕೊನೆಗೆ, ವೇಗವನ್ನು 5 ಶೇಕಡಾದಂತೆ ಏರಿಸುತ್ತಾ ಕಿವಿಗೊಡಿ. ಯಾವುದೋ ಒಂದು ವೇಗದಲ್ಲಿ ಮಾತ್ರ ಇಡೀ ತಗಡು ಗುನುಗಲು ಶುರುಮಾಡುತ್ತದೆ, ಅದನ್ನು ದಾಟಿದರೆ ನಿಲ್ಲುತ್ತದೆ. ಆ ವೇಗದ ಬಳಿ ಕರ್ವ್ ನಿಲ್ಲದ ಹಾಗೆ ಗೆರೆಯನ್ನು ಅಲ್ಲಿ ಕಡಿದಾಗಿ ಏರಿಸಿ.

ಹಂತ 9: ಎಚ್ಚರಿಕೆಯ ಲಕ್ಷಣಗಳು, ಮಳೆಗಾಲದ ನಿಗಾ

ಟಿಕ್ ಟಿಕ್ ಅಂದರೆ ವೈರ್ ರೆಕ್ಕೆಗೆ ತಾಗುತ್ತಿದೆ ಅಥವಾ ಬೇರಿಂಗ್ ಸವೆಯುತ್ತಿದೆ. ವೈರ್ ಸರಿಸಿದರೂ ನಿಲ್ಲದಿದ್ದರೆ ಫ್ಯಾನ್ ಬದಲಿಸುವ ಕಾಲ. ಆನ್ ಮಾಡಿದಾಗ ಗೊರಗೊರ ಅಂದು, ಬಿಸಿಯಾದ ಮೇಲೆ ಸುಮ್ಮನಾಗುವುದು ಬೇರಿಂಗ್‌ನ ಎಣ್ಣೆ ಒಣಗುತ್ತಿರುವ ಗುರುತು. ಮಳೆಗಾಲದ ಬೆಳಗಿನ ಥಂಡಿಯಲ್ಲಿ ಇದು ಮೊದಲು ಕೇಳಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಸ್ಲೀವ್ ಬೇರಿಂಗ್ ಕೆಲವು ದಿನ ಓಡುತ್ತದೆ. ಹೊಸದು ಬರುವವರೆಗೆ ಅಷ್ಟು ಮಾಡಬಹುದು, ಅದನ್ನೇ ನೆಚ್ಚಿಕೊಳ್ಳಬೇಡಿ. ಸುಟ್ಟ ವಾಸನೆ ಬಂದರೆ ಅಥವಾ ಪ್ಲಗ್ ಮುಟ್ಟಲು ಬಿಸಿ ಇದ್ದರೆ ತಕ್ಷಣ ಆಫ್. ತಂತ್ರಾಂಶ ವೇಗ ಸೊನ್ನೆ ತೋರಿಸುತ್ತಿದ್ದು ಫ್ಯಾನ್ ತಿರುಗುತ್ತಿದ್ದರೆ ಗಾಬರಿ ಬೇಡ. ಸ್ಪ್ಲಿಟರ್‌ನಲ್ಲಿ ಒಂದು ಫ್ಯಾನ್‌ನ ವೇಗ ಮಾತ್ರ ಬೋರ್ಡ್‌ಗೆ ಹೋಗುವುದು, ಉಳಿದವು ಲೆಕ್ಕಕ್ಕೆ ಸಿಗುವುದಿಲ್ಲ.

ಜೂನ್‌ಗೆ ಮುಂಚೆ ಜಾಲರಿ ತೊಳೆದು, ಒಳಗಿನ ಧೂಳೆಲ್ಲ ತೆಗೆಯಿರಿ. ಧೂಳು ತೇವ ಹೀರಿಕೊಂಡು ಗಟ್ಟಿಯಾದರೆ ಆಮೇಲೆ ಬರುವುದಿಲ್ಲ, ಬೂಷ್ಟೂ ಹಿಡಿಯುತ್ತದೆ. ಓಡುತ್ತಿರುವ ಕಂಪ್ಯೂಟರ್‌ನ ಒಳಭಾಗ ಕೋಣೆಗಿಂತ ಬೆಚ್ಚಗಿರುತ್ತದೆ, ಹಾಗಾಗಿ ಮಳೆಗಾಲದಲ್ಲೂ ಫ್ಯಾನ್ ಎಳೆಯುವ ತೇವದ ಗಾಳಿಯಿಂದ ಅಲ್ಲಿ ನೀರು ಕಟ್ಟುವುದಿಲ್ಲ. ಅಪಾಯ ಇರುವುದು ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್‌ಗೆ. ಆಗುಂಬೆ, ಹೊಸನಗರದ ಕಡೆ ಆಷಾಢದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಊರಿಗೆ ಹೋಗಿ ಬಹಳ ದಿನ ಬಿಟ್ಟು ಬಂದವರು ಸ್ವಿಚ್ ಒತ್ತುವ ಮುನ್ನ ಪಕ್ಕದ ತಗಡು ತೆಗೆದು ಟಾರ್ಚ್ ಬಿಟ್ಟು ನೋಡಿ. ಬೆಚ್ಚಗಿನ ಮೂಲೆ ಅಂತ ಹಲ್ಲಿ ಸೇರಿಕೊಂಡಿರುತ್ತದೆ, ಪ್ಲಗ್‌ಗಳ ಸಂದಿಯಲ್ಲಿ ಇರುವೆ ಗೂಡು ಕಟ್ಟಿರುತ್ತದೆ. ಎಲ್ಲ ಫ್ಯಾನ್‌ಗಳ ರೆಕ್ಕೆಯನ್ನೂ ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಸಲೀಸಾಗಿ ತಿರುಗಿದರೆ ಆನ್ ಮಾಡಿ.